ನೆಟ್ಟಗಿಲ್ಲದ ಊರು

ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಲೇಕಾಕ್ ಹಳ್ಳಿಗೆ ತೂಗುಗುಂಡು ಹಿಡಿದುಕೊಂಡು ಹೋದ ಮೇಸ್ತ್ರಿಗೆ ತಲೆ ಕೆಡುವುದು ಖಂಡಿತ. ಇರುವುದೇ ನಾಲ್ಕು ಬೀದಿ. ಅಲ್ಲಿ ನೆಟ್ಟಗಿನ ಗೋಡೆ ಅಪರೂಪ, ಮಟ್ಟವಾದ ಕಿಟಕಿ ಇನ್ನೂ ಅಪರೂಪ.

ತಪ್ಪೆಲ್ಲ ಮರದ್ದು. ಒಣಗಿದ ಓಕ್ ಉಳಿಗೆ ಬಗ್ಗದು. ಆದ್ದರಿಂದ ಹಿಂದಿನ ಬಡಗಿಗಳು ಹಸಿಮರದಲ್ಲೇ ಚೌಕಟ್ಟು ಕಟ್ಟಿದರು. ಕಂಬದ ತೂತೂ ತೊಲೆಯ ತೂತೂ ಒಂದಕ್ಕೊಂದು ನೇರವಾಗದಂತೆ ಬೇಕೆಂದೇ ತುಸು ಸರಿಸಿ ಕೊರೆದು ಮರದ ಗೂಟ ಜಡಿದರೆ ಸಂದು ತಾನೇ ಎಳೆದುಕೊಂಡು ಬಿಗಿಯುತ್ತದೆ. ಮುಂದೆ ಮರ ಒಣಗುತ್ತ ತಿರುಚಿಕೊಂಡಾಗ ಮನೆಯೂ ಸೊಂಟ ತಿರುಗಿಸುತ್ತದೆ, ಆದರೆ ಬೀಳುವುದಿಲ್ಲ. ಚರ್ಚ್ ಬೀದಿಯ ಒಂದು ಮನೆಯ ಪಕ್ಕದ ಗೋಡೆಯಲ್ಲಿ ನೆಲದಿಂದ ಮಾಡಿನವರೆಗೆ ಬಾಗಿ ಏರುವ ಜೋಡಿ ತೊಲೆ ಹೊರಗೇ ಕಾಣುತ್ತದೆ. ಡೊಂಕು ಮರವನ್ನು ಉದ್ದಕ್ಕೆ ಸೀಳಿ ಎದುರುಬದುರು ನಿಲ್ಲಿಸುವ ಪದ್ಧತಿ ಅದು.

ಚೌಕಟ್ಟಿನ ನಡುವೆ ಹೇಝಲ್ ಎಂಬ ಗಿಡದ ಕಡ್ಡಿಯ ತಡಿಕೆ. ಅದಕ್ಕೆ ಎರಡೂ ಕಡೆ ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಸಗಣಿ ಕಲಸಿ ಮೆತ್ತುತ್ತಿದ್ದರು. ಹುಲ್ಲು ಕಡಿಮೆಯಾದರೆ ಮಣ್ಣು ಬಿರಿಯುತ್ತದೆ. (ಸಗಣಿ ನಮ್ಮದೇ ಸ್ವತ್ತೆಂಬ ಹೆಮ್ಮೆಯನ್ನು ಇಲ್ಲಿ ಕೊಂಚ ತಗ್ಗಿಸಬೇಕು.)

ಊರೆಲ್ಲ ಟಾಲ್ಬಟ್ ಮನೆತನದ್ದಾಗಿತ್ತು. 1835ರಲ್ಲಿ ಇಲ್ಲಿನ ಹಳೆಯ ಕ್ರೈಸ್ತ ಮಠದ ಕಿಟಕಿಯ ನೆಗೆಟಿವ್ ತೆಗೆದ, ಫೋಟೋ ತಂತ್ರದ ಮೊದಲಿಗರಲ್ಲೊಬ್ಬನಾದ ಫಾಕ್ಸ್ ಟಾಲ್ಬಟ್ ಆ ಮನೆಯವನೇ. 1944ರಲ್ಲಿ ಮಟಿಲ್ಡಾ ಟಾಲ್ಬಟ್ ಮಠವನ್ನೂ ಹಳ್ಳಿಯನ್ನೂ ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟುಬಿಟ್ಟಳು. ಇಂದಿಗೂ ಮನೆಗಳಲ್ಲಿ ಬಾಡಿಗೆದಾರರಿದ್ದಾರೆ.

ಇಂಥ ಮನೆಗೆ ಸಿಮೆಂಟಿನಷ್ಟು ಕೆಟ್ಟ ನೆಂಟ ಇನ್ನೊಬ್ಬನಿಲ್ಲ. ಹಳೆಯ ಕಲ್ಲುಗೋಡೆ ಹೀರಿದ ನೀರು ಸುಣ್ಣದ ಗಾರೆಯ ಮೂಲಕ ಆವಿಯಾಗಿ ಹೋಗುತ್ತದೆ. ಸಂದಿಗೆ ಸಿಮೆಂಟು ತುಂಬಿದರೆ ಆ ದಾರಿ ಮುಚ್ಚುತ್ತದೆ. ನೀರು ಕಲ್ಲಿನ ಮೂಲಕವೇ ಹೊರಡಬೇಕು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಕಲ್ಲಿನ ಮುಖವೇ ಉದುರುತ್ತದೆ, ಸಿಮೆಂಟು ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ! ಮರದ ಚೌಕಟ್ಟಿಗೆ ಹಚ್ಚಿದರಂತೂ ಬುಡದ ತೊಲೆ ಒಳಗೊಳಗೇ ಕೊಳೆಯುತ್ತದೆ.

ಸಂದಿಗೆ ತುಂಬುವ ಗಾರೆಗೆ ಸುಣ್ಣ ಒಂದು ಪಾಲು, ಮರಳು ಸುಮಾರು ಮೂರು ಪಾಲು. ಹಳೆಯ ಗಾರೆ ಕೆದಕಿ, ಸಂದು ಒದ್ದೆಮಾಡಿ ತುಂಬಿ, ಗೋಣಿತಾಟು ಹೊದಿಸಿ ನಿಧಾನವಾಗಿ ಒಣಗಿಸಬೇಕು. 5 ಡಿಗ್ರಿಗಿಂತ ಕೆಳಗೆ ಕೆಲಸಕ್ಕೆ ಕೈಹಾಕಬಾರದು. ಮಣ್ಣು ಮೆತ್ತಿದ ಗೋಡೆಗೆ ಸುಣ್ಣ ಬಳಿಯುವಾಗಲೂ ಮೊದಲು ನೀರು ಚಿಮುಕಿಸಿ, ಹಾಲಿನಷ್ಟು ತೆಳ್ಳಗೆ ಮೂರು ನಾಲ್ಕು ಸಲ ಹೊಡೆಯಬೇಕು. ಒಂದೇ ಸಲ ಮುಗಿಸೋಣವೆಂದು ದಪ್ಪಗೆ ಬಳಿದರೆ ಹಪ್ಪಳದಂತೆ ಎದ್ದು ಬರುತ್ತದೆ. ಮತ್ತೆ ಕೆರೆದು ಮೊದಲಿನಿಂದ ಶುರುಮಾಡಬೇಕು.