ನಶೆಯಲ್ಲಿ ವಾಹನ ಚಾಲನೆ: ಮದ್ಯದಂತೆ ಮಾದಕ ವಸ್ತುವಿಗೂ ರಕ್ತದ ಮಿತಿ ಬೇಕೆ?

ಪರ: ಅಂಕಿ ಇಲ್ಲದ ಕಾನೂನು ಕೋರ್ಟಿನಲ್ಲಿ ನಿಲ್ಲುವುದಿಲ್ಲ

ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ತೆರೆದು ನೋಡಿ. ಮದ್ಯಕ್ಕೆ ಅಲ್ಲಿ ಖಚಿತ ಲೆಕ್ಕವಿದೆ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ದಾಟಿದರೆ ಅಪರಾಧ. ಮಾದಕ ವಸ್ತುವಿನ ಸಾಲಿಗೆ ಬಂದರೆ ಲೆಕ್ಕವೇ ಮಾಯ. ವಾಹನದ ಮೇಲೆ ಸರಿಯಾದ ಹತೋಟಿ ಇಟ್ಟುಕೊಳ್ಳಲಾಗದಷ್ಟು ಅಮಲಿನಲ್ಲಿದ್ದ ಎಂದು ಸಾಬೀತು ಮಾಡಬೇಕು. ಶಿಕ್ಷೆ ಎರಡಕ್ಕೂ ಒಂದೇ: ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಸಾಬೀತು ಮಾಡುವ ಹೊರೆ ಮಾತ್ರ ಅಜಗಜಾಂತರ.

ಕುಡಿದವನ ಕೇಸಿನಲ್ಲಿ ಹೊಸ ಮೌತ್‌ಪೀಸ್ ಹಾಕಿ, ಊದಿಸಿ, ಚೀಟಿ ಪ್ರಿಂಟ್ ತೆಗೆದು ಸಹಿ ಹಾಕಿಸಿದರೆ ಮುಗಿಯಿತು. ಗಾಂಜಾ ಸೇದಿ ಬಂದವನ ಕೇಸಿನಲ್ಲಿ ಕಣ್ಣು ಕೆಂಪಗಿತ್ತು, ಮಾತು ಎಳೆಯುತ್ತಿತ್ತು ಎಂದು ಬರೆಯಬೇಕು. ನಿದ್ದೆಗೆಟ್ಟವನ ಕಣ್ಣೂ ಕೆಂಪಗಿರುವುದಿಲ್ಲವೇ ಎಂದು ವಕೀಲರು ಒಂದೇ ಪ್ರಶ್ನೆ ಕೇಳಿದರೂ ಕೇಸು ಸಡಿಲವಾಗುತ್ತದೆ. ಇನ್ನೊಂದು ತೊಡಕು ನೋಡಿ. 204ನೇ ಸೆಕ್ಷನ್ ರಕ್ತ ತೆಗೆಸುವ ಅಧಿಕಾರವನ್ನು ಉಸಿರು ಪರೀಕ್ಷೆಗೆ ಗಂಟು ಹಾಕಿದೆ: ಯಂತ್ರ ಮದ್ಯ ತೋರಿಸಬೇಕು, ಇಲ್ಲವೇ ಚಾಲಕ ಊದಲು ನಿರಾಕರಿಸಬೇಕು. ಬರೀ ಗಾಂಜಾ ಸೇದಿದವನು ಧಾರಾಳವಾಗಿ ಊದುತ್ತಾನೆ, ಯಂತ್ರ ಸೊನ್ನೆ ತೋರಿಸುತ್ತದೆ.

ಪೊಲೀಸರ ಕಣ್ಣಂದಾಜು ಎಷ್ಟು ನಂಬಬಹುದು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 184 ಮಂದಿಗೆ ಸಿಗರೇಟು ಸೇದಿಸಿದರು; ಕೆಲವರದ್ದರಲ್ಲಿ ಟಿಎಚ್‌ಸಿ, ಅಂದರೆ ಗಾಂಜಾದಲ್ಲಿ ಅಮಲೇರಿಸುವ ಅಂಶ ಇತ್ತು, ಕೆಲವರದ್ದರಲ್ಲಿ ಹೆಸರಿಗಷ್ಟೇ ಇತ್ತು. ಯಾರಿಗೆ ಯಾವುದು ಎಂದು ತಿಳಿಯದ ತರಬೇತಾದ ಅಧಿಕಾರಿಗಳು ಟಿಎಚ್‌ಸಿ ಸೇದಿದವರಲ್ಲಿ 81% ಮಂದಿಯನ್ನು ಅಮಲಿನಲ್ಲಿದ್ದಾರೆ ಎಂದು ಗುರುತಿಸಿದರು. ಹುಸಿ ಸಿಗರೇಟು ಸೇದಿದವರಲ್ಲೂ 49.2% ಮಂದಿಗೆ ಅದೇ ಮುದ್ರೆ ಬಿತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬ ನಿರಪರಾಧಿ ಸಿಕ್ಕಿಬೀಳುವ ಈ ಪದ್ಧತಿಯನ್ನೇ ನಮ್ಮ ಕಾನೂನು ಇವತ್ತು ನೆಚ್ಚಿಕೊಂಡಿದೆ. ಅಂಕಿ ಬೇಕಿರುವುದು ತಪ್ಪಿತಸ್ಥನನ್ನು ಹಿಡಿಯಲು ಎಷ್ಟೋ, ಅಮಾಯಕನನ್ನು ಬಿಡಲೂ ಅಷ್ಟೇ.

ವಿಜ್ಞಾನ ಪಕ್ಕಾ ಆಗಲಿ, ಆಮೇಲೆ ನೋಡೋಣ ಎನ್ನುವವರು ಮದ್ಯದ ಚರಿತ್ರೆ ಓದಬೇಕು. ಉಸಿರಿನಲ್ಲಿ ಮದ್ಯ ಅಳೆಯುವ ಬ್ರೆತಲೈಸರ್ ಯಂತ್ರ ಕಂಡುಹಿಡಿದ ರಾಬರ್ಟ್ ಬೋರ್ಕನ್‌ಸ್ಟೈನ್ 1962-63ರಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ ಅಪಘಾತಕ್ಕೀಡಾದ ಸುಮಾರು 6,000 ಚಾಲಕರನ್ನೂ ಅಪಘಾತವಾಗದ 7,500ಕ್ಕೂ ಹೆಚ್ಚು ಚಾಲಕರನ್ನೂ ಹೋಲಿಸಿದರು. 80 ಮಿ.ಗ್ರಾಂ ದಾಟಿದ ಮೇಲೆ ಅಪಾಯ ಕಡಿದಾಗಿ ಏರಿತ್ತು. ಆ ಗ್ರಾಫಿನಲ್ಲೂ ವಿಚಿತ್ರವಿತ್ತು: ತುಸು ಕುಡಿದವರು ಕುಡಿಯದವರಿಗಿಂತ ಸುರಕ್ಷಿತರು ಎಂಬಂತೆ ಗೆರೆ ಒಂದೆಡೆ ತಗ್ಗಿತ್ತು. ಅದು ಕುಡಿತದ ಗುಣವಲ್ಲ, ಹೋಲಿಸಿದ ಗುಂಪುಗಳ ವ್ಯತ್ಯಾಸ ಎಂಬುದನ್ನು ಆಮೇಲಿನ ವಿಶ್ಲೇಷಣೆಗಳು ತೋರಿಸಿದವು. ಅಲ್ಲಿಯವರೆಗೆ ಕಾನೂನು ಕೈಕಟ್ಟಿ ಕೂರಲಿಲ್ಲ; 1967ರಲ್ಲೇ ಬ್ರಿಟನ್ 80 ಮಿ.ಗ್ರಾಂ ಮಿತಿ ತಂದಿತು.

ಮಾದಕ ವಸ್ತುವಿಗೆ ಆ ದಾರಿ ಹಾಕಿದ್ದು ನಾರ್ವೆ. 2012ರಿಂದ ಅಲ್ಲಿ 20 ವಸ್ತುಗಳಿಗೆ ಮಿತಿಯಿದೆ, ಅದೂ ಮದ್ಯದ ಅಳತೆಗೆ ತೂಗಿಟ್ಟ ಮಿತಿ. ಒಂದು ಮಿ.ಲೀ. ರಕ್ತದಲ್ಲಿ ಟಿಎಚ್‌ಸಿ 1.3 ನ್ಯಾನೊಗ್ರಾಂ ಇದ್ದರೆ 100 ಮಿ.ಲೀ.ಗೆ ಸುಮಾರು 20 ಮಿ.ಗ್ರಾಂ ಮದ್ಯಕ್ಕೆ ಸಮ. 3 ನ್ಯಾನೊಗ್ರಾಂ 50 ಮಿ.ಗ್ರಾಂಗೆ, 9 ನ್ಯಾನೊಗ್ರಾಂ 120 ಮಿ.ಗ್ರಾಂಗೆ. ಅಂಕಿ ಏರಿದಂತೆ ಶಿಕ್ಷೆಯೂ ಏರುತ್ತದೆ. ವೈದ್ಯರು ಬರೆದುಕೊಟ್ಟ ಔಷಧಿ ತೆಗೆದುಕೊಳ್ಳುವವರನ್ನು ಈ ಮಿತಿಗೆ ಸಿಕ್ಕಿಸದೆ ಪ್ರತ್ಯೇಕವಾಗಿ ಪರಿಶೀಲಿಸುತ್ತಾರೆ.

ಇಲ್ಲಿ ಜಾರಿ ಹೇಗೆ? ಮೊದಲು ರಸ್ತೆಬದಿಯಲ್ಲಿ ಎಂಜಲು ಪರೀಕ್ಷೆ. ಆಸ್ಟ್ರೇಲಿಯಾದ ವಿಕ್ಟೋರಿಯಾ 2004ರ ಡಿಸೆಂಬರ್‌ನಿಂದ ಇದನ್ನು ಮಾಡುತ್ತಿದೆ. ಕಡ್ಡಿ ಸವರುವ ಮುನ್ನ 10 ನಿಮಿಷ ಚಾಲಕ ಏನೂ ತಿನ್ನಬಾರದು, ಕುಡಿಯಬಾರದು, ಗುಟ್ಕಾ ಜಗಿಯಬಾರದು. ಗಾಂಜಾ ಬಾಯಿ ಒಣಗಿಸುತ್ತದೆ. ಎಂಜಲು ಊರುವವರೆಗೆ ಕಾಯದೆ ಅವಸರ ಮಾಡಿದರೆ ಕಿಟ್‌ನ ಪಟ್ಟಿ ಪೂರ್ತಿ ನೆನೆಯುವುದಿಲ್ಲ, ಪರೀಕ್ಷೆ ಸರಿಯಾಗಿ ನಡೆದಿದೆ ಎಂದು ತೋರಿಸುವ ಕಂಟ್ರೋಲ್ ಗೆರೆಯೇ ಮೂಡುವುದಿಲ್ಲ, ಕಿಟ್ ವ್ಯರ್ಥ. ಅನೇಕ ಕಿಟ್‌ಗಳಲ್ಲಿ ಮಾದಕ ವಸ್ತುವಿನ ಗೆರೆ ಮೂಡಿದರೆ ನೆಗೆಟಿವ್, ಮೂಡದಿದ್ದರೆ ಪಾಸಿಟಿವ್. ಮಾಸಲು ಗೆರೆಯೂ ನೆಗೆಟಿವ್ ಎಂದೇ ಲೆಕ್ಕ, ಹಾಗಾಗಿ ಬೀದಿದೀಪ ಸಾಲದು, ಟಾರ್ಚ್ ಬೇಕೇ ಬೇಕು.

ಪಾಸಿಟಿವ್ ಬಂದರೆ ರಕ್ತ. ಬೂದು ಮುಚ್ಚಳದ ಟ್ಯೂಬನ್ನೇ ಬಳಸಬೇಕು. ಅದರಲ್ಲಿ ಸೋಡಿಯಂ ಫ್ಲೋರೈಡ್, ಪೊಟ್ಯಾಸಿಯಂ ಆಕ್ಸಲೇಟ್ ಇರುತ್ತವೆ. ಫ್ಲೋರೈಡ್ ಇಲ್ಲದಿದ್ದರೆ ಕೊಕೇನ್ ಟ್ಯೂಬಿನೊಳಗೇ ಒಡೆದುಹೋಗುತ್ತದೆ. ಟ್ಯೂಬನ್ನು 8-10 ಸಲ ಮೆಲ್ಲಗೆ ತಿರುಗಿಸಿ ಮೊಹರು ಮಾಡಿ, ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ತಲುಪುವವರೆಗೆ ತಣ್ಣಗಿನ ಪೆಟ್ಟಿಗೆಯಲ್ಲಿಡಬೇಕು.

ದಿನವೂ ಸೇದುವವರ ರಕ್ತದಲ್ಲಿ ಟಿಎಚ್‌ಸಿ ಉಳಿದೇ ಇರುತ್ತದೆ, ಪಾಪ, ಅವರೇನು ಮಾಡಬೇಕು ಎಂದು ಎದುರಿನವರು ಕೇಳುತ್ತಾರೆ. ಹೆಚ್ಚು ಸೇದಿದಷ್ಟೂ ಹೆಚ್ಚು ರಿಯಾಯಿತಿ ಕೊಡೋಣವೇ? ದಿನವೂ ಸೇದುವವರು ಸ್ಟಿಯರಿಂಗ್ ಬಿಟ್ಟು ಬಸ್ಸು ಹತ್ತಲಿ.

ವಿರೋಧ: ರಕ್ತದಲ್ಲಿರುವುದೆಲ್ಲ ನಶೆಯಲ್ಲ

ಅಂಕಿಯಿದ್ದರೆ ಪೊಲೀಸರಿಗೂ ಕೋರ್ಟಿಗೂ ಅನುಕೂಲ ಎಂಬುದನ್ನು ಅಲ್ಲಗಳೆಯಲಾಗದು. ಕೊಕೇನ್, ಮೆಥ್ (ಮೆಥಾಂಫೆಟಮಿನ್) ಎಂಬ ಮಾದಕ ವಸ್ತುಗಳಿಗೆ ಮಿತಿ ಬಂದರೆ ದೊಡ್ಡ ತಕರಾರೂ ಇಲ್ಲ. ಆಕ್ಷೇಪವಿರುವುದು ಗಾಂಜಾ ಮತ್ತು ಮಾತ್ರೆಗಳ ವಿಷಯದಲ್ಲಿ.

ಮದ್ಯ ನೀರಿನಲ್ಲಿ ಕರಗುವ ವಸ್ತು. ದೇಹದಲ್ಲೆಲ್ಲ ಹರಡಿ, ಗಂಟೆಗೆ 100 ಮಿ.ಲೀ.ಗೆ ಸುಮಾರು 15 ಮಿ.ಗ್ರಾಂನಂತೆ ಇಳಿಯುತ್ತದೆ. ರಕ್ತದ ಅಂಕಿಗೂ ಅಮಲಿಗೂ ತಾಳೆಯಿದೆ. ಟಿಎಚ್‌ಸಿ ಕೊಬ್ಬಿನಲ್ಲಿ ಕರಗುತ್ತದೆ. ಸೇದಿದ ಹತ್ತು ನಿಮಿಷದೊಳಗೆ ರಕ್ತದಲ್ಲಿ ತುತ್ತತುದಿಗೇರಿ, ಗಂಟೆಯೊಳಗೆ ಬಹುಪಾಲು ಕುಸಿಯುತ್ತದೆ. ಅಮಲು ಮಾತ್ರ ಇನ್ನೂ ಇರುತ್ತದೆ. ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕೆನ್ನುತ್ತದೆ ನಮ್ಮ ಕಾಯ್ದೆ. ಠಾಣೆ, ಆಸ್ಪತ್ರೆಯ ಕ್ಯಾಶುವಾಲ್ಟಿ, ಡ್ಯೂಟಿ ಡಾಕ್ಟರ ಸಹಿ ಎಂದು ಆ ಎರಡು ಗಂಟೆ ಕಳೆಯುವಷ್ಟರಲ್ಲಿ, ಈಗಷ್ಟೇ ಸೇದಿ ಗಾಡಿ ಓಡಿಸಿದವನ ಅಂಕಿ ಮಿತಿಯ ಕೆಳಗಿಳಿದಿರಬಹುದು. ಮೂರು ದಿನದಿಂದ ಮುಟ್ಟದ ಹಳೆಯ ಚಟದವನ ಅಂಕಿ ಮಿತಿ ದಾಟಿರಬಹುದು. ಬಸ್ಸು ಹತ್ತಲಿ ಎನ್ನುವುದು ಇದಕ್ಕೆ ಉತ್ತರವಲ್ಲ. ಅಪರಾಧ ಅಮಲಿನ ಚಾಲನೆಯೋ ಚಟವೋ ಎಂಬುದು ಮೊದಲು ಇತ್ಯರ್ಥವಾಗಲಿ.

ಪರ ವಾದಕ್ಕೆ ಒದಗಿದ ಅದೇ ಸ್ಯಾನ್ ಡಿಯಾಗೊ ತಂಡ 2022ರಲ್ಲಿ 191 ಮಂದಿಯನ್ನು ಸಿಮ್ಯುಲೇಟರ್‌ನಲ್ಲಿ, ಅಂದರೆ ವಾಹನ ಚಾಲನೆಯನ್ನು ಅನುಕರಿಸುವ ಯಂತ್ರದಲ್ಲಿ ಕೂರಿಸಿತ್ತು. ಟಿಎಚ್‌ಸಿ ಸೇದಿದವರ ಚಾಲನೆ ಕೆಟ್ಟಿತ್ತು, ನಿಜ. ಆದರೆ ಯಾರ ರಕ್ತದಲ್ಲಿ ಎಷ್ಟಿತ್ತು ಎನ್ನುವುದಕ್ಕೂ ಯಾರು ಎಷ್ಟು ಕೆಟ್ಟದಾಗಿ ಓಡಿಸಿದರು ಎನ್ನುವುದಕ್ಕೂ ಸಂಬಂಧ ಕಾಣಲಿಲ್ಲ. ವಾಷಿಂಗ್ಟನ್ ರಾಜ್ಯ 2012ರಲ್ಲೇ 5 ನ್ಯಾನೊಗ್ರಾಂ ಮಿತಿ ಇಟ್ಟಿತು. ಇಂಥ ಮಿತಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು 2016ರಲ್ಲಿ ಹೇಳಿದ್ದು ಅಮೆರಿಕದ ವಾಹನ ಸವಾರರದ್ದೇ ಸಂಸ್ಥೆ ಎಎಎ ನಡೆಸುವ ರಸ್ತೆ ಸುರಕ್ಷತಾ ಪ್ರತಿಷ್ಠಾನ.

ಗಾಂಜಾ ಗಿಡದ ಎಲೆಯಿಂದ ಮಾಡುವ ಭಂಗಿಯನ್ನು ಪರ ವಾದ ಮರೆತೇಬಿಟ್ಟಿದೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾ ಎನ್ನುವುದು ಹೂವಿನ ತೆನೆಯನ್ನು. ಬರೀ ಎಲೆ ಆ ವ್ಯಾಖ್ಯೆಯಿಂದ ಹೊರಗೆ. ತಿಂದ ಭಂಗಿ ಮೆಲ್ಲಗೆ ಏರುತ್ತದೆ, ರಕ್ತದಲ್ಲಿ ಸೇದಿದಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ, ಗಂಟೆಗಟ್ಟಲೆ ಕಾಡುತ್ತದೆ. ಸೇದುವವರ ಲೆಕ್ಕಕ್ಕೆ ಹೊಂದಿಸಿದ ಅಂಕಿಯಿಂದ ಭಂಗಿ ತಿಂದವರು ಸಲೀಸಾಗಿ ಪಾರಾಗುತ್ತಾರೆ.

ಮಾತ್ರೆಗಳದ್ದು ಇನ್ನೂ ಸೂಕ್ಷ್ಮ. ಬ್ರಿಟನ್ 2015ರ ಮಾರ್ಚ್‌ನಲ್ಲಿ ಇಂಗ್ಲೆಂಡ್, ವೇಲ್ಸ್‌ಗೆ ಲೀಟರ್ ರಕ್ತಕ್ಕೆ ಮಂಪರು ತರುವ ಔಷಧಿಗಳಾದ ಕ್ಲೊನಾಜೆಪಾಮ್ 50, ಡಯಾಜೆಪಾಮ್ 550 ಮೈಕ್ರೊಗ್ರಾಂ ಎಂದು ಗೊತ್ತುಮಾಡಿ, ವೈದ್ಯರ ಚೀಟಿಯಂತೆ ತೆಗೆದುಕೊಂಡವರಿಗೆ ರಕ್ಷಣೆಯನ್ನೂ ಇಟ್ಟಿತು. ನಮ್ಮಲ್ಲಿ ಹಳೆಯ ಚೀಟಿ ತೋರಿಸಿ, ಕೆಲವೊಮ್ಮೆ ಚೀಟಿಯೇ ಇಲ್ಲದೆ, ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ಕೊಳ್ಳುವವರಿದ್ದಾರೆ. ಕ್ಲೊನಾಜೆಪಾಮ್ ಅರ್ಧಕ್ಕಿಳಿಯಲು 30-40 ಗಂಟೆ ಬೇಕು. ರಾತ್ರಿ ನುಂಗಿದ್ದು ಬೆಳಗಿನ ಡ್ಯೂಟಿಯ ಹೊತ್ತಿಗೂ ರಕ್ತದಲ್ಲಿರುತ್ತದೆ. ಯಾವ ಚೀಟಿ ಹಿಡಿದು ಆ ಚಾಲಕ ರಕ್ಷಣೆ ಕೇಳಬೇಕು?

ಪೊಲೀಸರ ಅಂದಾಜು ತಪ್ಪುತ್ತದೆ ಎನ್ನುವುದಕ್ಕೆ ತರಬೇತಿ ಕೊಡಬಹುದು. ಎಂಜಲು ಕಿಟ್ ಇರಲಿ, ಪೂರಕ ಸಾಕ್ಷ್ಯವಾಗಿ. ಬೇಸಿಗೆಯ ಕಲಬುರಗಿಯಲ್ಲಿ ಅದನ್ನು ಜೀಪಿನ ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಪಟ್ಟಿ ಕೆಡುತ್ತದೆ ಎಂಬುದೂ ನೆನಪಿರಲಿ. ಮುಖ್ಯವಾಗಿ ಬೇಕಿರುವುದು ಚಾಲಕನ ಸ್ಥಿತಿಯ ದಾಖಲೆ: ಬಾಡಿ ಕ್ಯಾಮೆರಾ ಎದುರು ಒಂದು ಕಾಲಿನ ಹಿಮ್ಮಡಿಯನ್ನು ಇನ್ನೊಂದರ ಕಾಲ್ಬೆರಳಿಗೆ ತಾಗಿಸುತ್ತ 9 ಹೆಜ್ಜೆ, ತಿರುಗಿ ಮತ್ತೆ 9 ಹೆಜ್ಜೆ, ಆಮೇಲೆ ಒಂಟಿ ಕಾಲಿನಲ್ಲಿ 30 ಸೆಕೆಂಡು. ಜಾಗ ಸಮತಟ್ಟಾಗಿರಬೇಕು, ಒಣಗಿರಬೇಕು. 65 ದಾಟಿದವರಿಗೂ ಕಾಲು, ಬೆನ್ನಿನ ತೊಂದರೆ ಇರುವವರಿಗೂ ಈ ಪರೀಕ್ಷೆ ಹೊಂದದು. ಅವರನ್ನು ನೇರವಾಗಿ ವೈದ್ಯರ ಹತ್ತಿರ ಕರೆದೊಯ್ಯಬೇಕು.