ಹಳೆ ಬಿಲ್ಲಿಗೆ ಉಲ್ಟಾ ಹೆದೆ

ಮಾರಾಟಕ್ಕಿಟ್ಟ ಹಳೆ ರಿಕರ್ವ್ ಬಿಲ್ಲುಗಳ ಫೋಟೋ ನೋಡುತ್ತಾ ಹೋಗಿ; ಯಾವುದೋ ಒಂದಕ್ಕೆ ಹೆದೆ ಉಲ್ಟಾ ಏರಿರುತ್ತದೆ. ಏರಿಸಿದವರನ್ನು ಬೈಯುವಂತಿಲ್ಲ. ಹೆದೆ ಬಿಚ್ಚಿದ ರಿಕರ್ವ್‌ನ ತುದಿಗಳು ಬಿಲ್ಗಾರನಿಂದ ಆಚೆಗೆ, ಗುರಿಯ ಕಡೆಗೆ ಬಾಗಿರುತ್ತವೆ. ಬಾಗಿದತ್ತಲೇ ಬಗ್ಗಿಸೋಣ ಎಂದು ಹೊರಟರೆ ಬಿಲ್ಲು ತಕರಾರಿಲ್ಲದೆ ಒಪ್ಪುತ್ತದೆ. ಅನುಮಾನ ಬರಬೇಕಾದದ್ದೇ ಅಲ್ಲಿ! ಹಾಗೇ ಎಳೆದರೆ ಫೈಬರ್‌ಗ್ಲಾಸಿಗೂ ಒಳಗಿನ ಮರದ ಪದರಕ್ಕೂ ನಡುವಿನ ಅಂಟು ಬಿಟ್ಟು, ಚಟ್ ಎನ್ನುತ್ತದೆ. ಹಿಡಿಯಲ್ಲಿ ಅಂಗೈ ಕೂರುವ ಆಳದ ತಗ್ಗು ಯಾವ ಕಡೆಗಿದೆಯೋ ಹೆದೆಯೂ ಆ ಕಡೆಗೇ.

ಇನ್ನು ವಯಸ್ಸಿನ ಕಥೆ. ಅಮೆರಿಕದ ಬಿಲ್ಲು ತಯಾರಕ ಬೇರ್ ಕಂಪನಿಯ ಬಿಲ್ಲಿನ ಮೇಲೆ ‘ಕೆನಡಾ 1953’ ಎಂದು ಕಂಡದ್ದೇ ತಡ, ‘1953ರ ಅಪರೂಪದ ಬಿಲ್ಲು’ ಎಂದು ಬೆಲೆ ಏರುತ್ತದೆ. ಅದು ಕೆನಡಾದಲ್ಲಿ ಪೇಟೆಂಟ್ ಸಿಕ್ಕ ವರ್ಷ. ಮುಂದೆ ಅರವತ್ತರ ದಶಕದಲ್ಲಿ ಹುಟ್ಟಿದ ಬಿಲ್ಲುಗಳ ಮೇಲೂ ಅದೇ ಇಸವಿ. ನೋಡಬೇಕಾದದ್ದು ನಡುವಿನ ಮರದಲ್ಲಿ ಕೂರಿಸಿದ ನಾಣ್ಯದಂಥ ಬಿಲ್ಲೆಯನ್ನು: ಅದು ಬಂದದ್ದು 1959ರಲ್ಲಿ, ಹಾಗಾಗಿ ಅದಿದ್ದರೆ ಬಿಲ್ಲು ಅದಕ್ಕಿಂತ ಹಳೆಯದಲ್ಲ. ಊರಿನ ಹೆಸರು ಮಿಷಿಗನ್ನಿನ ಗ್ರೇಲಿಂಗ್ ಎಂದಿದ್ದರೆ, ಕಂಪನಿ 1978ರಲ್ಲಿ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಗುವ ಮುಂಚಿನದು.

ಬಿಲ್ಲಿನ ಮೇಲೆ ಬರೆದ ‘45#’ ಎಂದರೆ 28 ಇಂಚು ಎಳೆದಾಗ 45 ಪೌಂಡ್ ಸೆಳೆತ. ಉದ್ದ ತೋಳಿನವರು 30 ಇಂಚು ಎಳೆದರೆ ಅದು 50ರ ಹತ್ತಿರ ಹೋಗುತ್ತದೆ; ಭುಜಕ್ಕೆ ಆ ಲೆಕ್ಕ ಮರುದಿನ ಗೊತ್ತಾಗುತ್ತದೆ.

ಬಿಲ್ಲಿನ ನಡುವೆ ಕಾಲು ತೂರಿಸಿ ತೊಡೆಯ ಮೇಲೆ ಬಗ್ಗಿಸಿ ಹೆದೆ ಏರಿಸುವುದು ನೋಡಲು ಚೆಂದ. ಆದರೆ ಒತ್ತಡ ಓರೆಯಾಗಿ ಬಿದ್ದು ರೆಕ್ಕೆ, ಅಂದರೆ ಹಿಡಿಯ ಆಚೀಚೆಗಿನ ಬಾಗುವ ತೋಳು, ತಿರುಚಿಕೊಳ್ಳುತ್ತದೆ. ಎರಡೂ ತುದಿಗೆ ಸಿಗಿಸಿ, ಕಾಲಲ್ಲಿ ಅದುಮಿ ಹಿಡಿದು ಬಿಲ್ಲನ್ನು ನೇರ ಮೇಲೆತ್ತುವ ಸ್ಟ್ರಿಂಗರ್ ಹಗ್ಗವೇ ವಾಸಿ. ಮೂಲೆಯಲ್ಲಿ ತುದಿಯೂರಿ ನಿಲ್ಲಿಸಿದರೂ ತಿರುಚೇ ಗತಿ. ಅಡ್ಡಲಾಗಿ ಎರಡು ಗೂಟದ ಮೇಲೆ ಮಲಗಿಸಿ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಬೇಡವೇ ಬೇಡ, ಅಂಟು ಸಡಿಲಾಗುತ್ತದೆ. ರೆಕ್ಕೆಯ ಉದ್ದಕ್ಕೆ ಕಾಣುವ ಕೂದಲಿನಂಥ ಗೆರೆಗಳಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ, ಅಡ್ಡ ಬಿರುಕು ಕಂಡರೆ ಮಾತ್ರ ಗೋಡೆಯ ಅಲಂಕಾರಕ್ಕೆ ಬಿಡಿ.

ಕೊನೆಗೆ ಹೆದೆ. 60 ಇಂಚಿನ ಬಿಲ್ಲಿಗೆ ಸುಮಾರು 56–57 ಇಂಚಿನದು ಬೇಕು. ಈಗಿನ ಡೈನೀಮಾ ಎಂಬ ಗಟ್ಟಿ ಕೃತಕ ನಾರಿನ ಹೆದೆ ಅಷ್ಟಾಗಿ ಹಿಗ್ಗುವುದಿಲ್ಲ. ಪೆಟ್ಟೆಲ್ಲ ಹಳೆ ತುದಿಗಳ ಮೇಲೆ ಬಿದ್ದು ಅವು ಸೀಳುತ್ತವೆ. ಸ್ವಲ್ಪ ಹಿಗ್ಗುವ ಪಾಲಿಯೆಸ್ಟರ್ ದಾರವಾದ ಡೇಕ್ರಾನ್ ಬಿ-50 ಹಾಕಿ. ಬಾಣ ಸ್ವಲ್ಪ ನಿಧಾನವಾಗುತ್ತದೆ, ನಿಜ. ಗುರಿಯಿಂದ ಮಾರುದ್ದ ಪಕ್ಕಕ್ಕೆ ಹೋದದ್ದಕ್ಕೆ ಮಾತ್ರ ಆ ನೆಪ ನಡೆಯದು.