ಸ್ನೇರ್ ಹುಡುಕುತ್ತಾ ಕಳೆದ 40 ನಿಮಿಷ

ಹೋದ ತಿಂಗಳು ಒಂದು ಸಂಜೆ, ಕಂಪ್ಯೂಟರ್‌ನಲ್ಲಿ ಹಾಡು ಮಾಡುವಾಗ ಸುಮ್ನೆ ಸ್ಕ್ರೀನ್ ರೆಕಾರ್ಡಿಂಗ್ ಆನ್ ಮಾಡಿಟ್ಟೆ. ಎರಡು ಗಂಟೆಯ ವಿಡಿಯೋ. ಮರುದಿನ ಕೂತು ನೋಡಿದರೆ ನನಗೇ ನಾಚಿಕೆಯಾಯಿತು. 40 ನಿಮಿಷ ಬರೀ ಸ್ನೇರ್ ಸ್ಯಾಂಪಲ್ (ಡ್ರಮ್ ಸೆಟ್‌ನಲ್ಲಿ ಚಟ್ ಅನ್ನುವ ಡ್ರಮ್ಮಿನ, ರೆಕಾರ್ಡ್ ಮಾಡಿಟ್ಟ ಸದ್ದು) ಹುಡುಕಿದ್ದೇನೆ. ಒಂದು ಕೇಳು, ಬೇಡ ಅನ್ನು, ಕೆಳಗಿಳಿ, ಮತ್ತೆ ಮೇಲೆ ಹೋಗು. ಕೊನೆಗೆ ಹಾಕಿದ್ದು ಯಾವುದು ಗೊತ್ತಾ? ಶುರುವಿನಲ್ಲೇ ಕೇಳಿದ್ದ ಮೂರನೆಯದು. ಅಷ್ಟರಲ್ಲಿ ತಲೆಯಲ್ಲಿದ್ದ ಬೇಸ್‌ಲೈನ್, ಅಂದರೆ ಬೇಸ್ ವಾದ್ಯದ ಟ್ಯೂನ್, ಮಾಯ.

ಕೆಲಸ ಸಾಗುತ್ತಿಲ್ಲ ಅಂದಾಗಲೆಲ್ಲ ನಾನು ಕಂಪ್ಯೂಟರನ್ನು ಬೈಯುತ್ತಿದ್ದೆ. ಇಲ್ಲಾ ಶಾರ್ಟ್‌ಕಟ್ ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸುತ್ತಿದ್ದೆ. ವಿಡಿಯೋ ಬೇರೆಯೇ ಕಥೆ ಹೇಳಿತು. ಮೆನು ತೆರೆದು ಮುಚ್ಚಲು ಹೋದ ಹೊತ್ತು ಅಷ್ಟೇನಿಲ್ಲ. ಇದಾ ಅದಾ ಅಂತ ಕೂತಿದ್ದೇ ಜಾಸ್ತಿ.

ಹಾಗಾಗಿ ಮೊದಲು ಸ್ಯಾಂಪಲ್‌ಗಳಿಗೆ ಕೈ ಹಾಕಿದೆ. ಸಾವಿರಾರು ಫೈಲ್ ಹಾಗೇ ಇರಲಿ, ಅಳಿಸಲು ಮನಸ್ಸು ಬರಲ್ಲ. ಒಂದು ಹೊಸ ಫೋಲ್ಡರ್ ಮಾಡಿ ಡ್ರಮ್ ಸದ್ದುಗಳಲ್ಲಿ 15 ಕಿಕ್, 15 ಸ್ನೇರ್, 10 ಹೈಹ್ಯಾಟ್ ಅಷ್ಟೇ ಹಾಕಿದೆ. ಹಾಡು ಬರೆಯುವಾಗ ಇದನ್ನು ಬಿಟ್ಟು ಆಚೆ ಹೋಗುವಂತಿಲ್ಲ. ಸ್ನೇರ್ ಇಷ್ಟವಾಗದಿದ್ದರೆ ಆಮೇಲೆ ಬದಲಿಸಿದರಾಯಿತು, ಪ್ಯಾಟರ್ನ್ ಎಲ್ಲಿಗೂ ಓಡಿಹೋಗಲ್ಲ ಅಲ್ವಾ? ಹೊಸ ಸದ್ದು ಹುಡುಕುವುದಕ್ಕೆ ಬೇರೆ ದಿನ ಇಟ್ಟುಕೊಂಡಿದ್ದೇನೆ. ಆ ದಿನ ಹಾಡು ಮುಟ್ಟಲ್ಲ.

ಆಮೇಲೆ ಟೆಂಪ್ಲೇಟ್, ಅಂದರೆ ಪ್ರತಿ ಹೊಸ ಹಾಡು ಶುರುಮಾಡಲು ಸಿದ್ಧವಾಗಿಟ್ಟ ಖಾಲಿ ಪ್ರಾಜೆಕ್ಟ್. ನನ್ನ ಮೊದಲ ಟೆಂಪ್ಲೇಟ್‌ನಲ್ಲಿ 60 ಟ್ರ್ಯಾಕ್ ಇದ್ದವು. ತೆರೆಯಲು ಒಂದು ನಿಮಿಷ, ತೆರೆದ ಮೇಲೆ ಕಾಲಿಡಲು ಜಾಗವಿಲ್ಲ. ಈಗಿನದರಲ್ಲಿ ಎಂಟು. ಡ್ರಮ್, ಬೇಸ್, ಕೀಸ್, ಗಿಟಾರ್, ಎರಡು ವೋಕಲ್, ಜೊತೆಗೆ ಗುಂಗು ಕೊಡುವ ಒಂದು ರಿವರ್ಬ್ ಮತ್ತು ಪ್ರತಿಧ್ವನಿ ಕೊಡುವ ಒಂದು ಡಿಲೇ ಸೆಂಡ್ (ಎಲ್ಲ ಟ್ರ್ಯಾಕ್‌ಗಳೂ ಹಂಚಿಕೊಳ್ಳುವ ಎಫೆಕ್ಟ್). ಬಣ್ಣ, ಹೆಸರು, ಬಸ್ (ಹಲವು ಟ್ರ್ಯಾಕ್‌ಗಳ ಸದ್ದು ಒಟ್ಟು ಸೇರುವ ದಾರಿ) ಎಲ್ಲ ಮೊದಲೇ ಕೂತಿವೆ. ಮೈಕ್‌ನ ಇನ್‌ಪುಟ್ ಕೂಡ ಆರಿಸಿಟ್ಟಿದೆ. ತೆರೆದ ತಕ್ಷಣ ಹಾಡಬಹುದು. ಎಲ್ಲ ಸದ್ದೂ ಕೊನೆಗೆ ಸೇರುವ ಮಾಸ್ಟರ್ ಮೇಲೆ ಮಾತ್ರ ಏನೂ ಹಾಕಿಲ್ಲ. ಅಲ್ಲಿ ಸದ್ದು ಮಿತಿ ಮೀರದಂತೆ ಒತ್ತಿಹಿಡಿಯುವ ಲಿಮಿಟರ್ ಕೂತಿದ್ದರೆ ಎಲ್ಲವೂ ಚೆನ್ನಾಗಿಯೇ ಕೇಳಿಸಿ ನಮ್ಮನ್ನು ಏಮಾರಿಸುತ್ತದೆ.

ಇನ್ನೊಂದು, ತುಂಬಾ ಜನ ಬಳಸದೇ ಬಿಟ್ಟಿರುವುದು. ರೆಕಾರ್ಡ್ ಒತ್ತಿದ ಕೂಡಲೇ ಬೆರಳು ತಪ್ಪುತ್ತದೆ. ಒತ್ತದೇ ಇದ್ದಾಗ ಬಂಗಾರದಂಥದ್ದು ಬರುತ್ತದೆ. ಇದಕ್ಕೆ ಹಾಡು ಮಾಡುವ ಸಾಫ್ಟ್‌ವೇರ್ ಏಬಲ್‌ಟನ್ ಲೈವ್‌ನಲ್ಲಿ ಕ್ಯಾಪ್ಚರ್ ಮಿಡಿ ಇದೆ (ಮಿಡಿ ಅಂದರೆ ಯಾವ ಸ್ವರ ಯಾವಾಗ ಒತ್ತಿದಿರಿ ಅನ್ನುವ ಮಾಹಿತಿ), 2018ರಲ್ಲಿ ಲೈವ್ 10ರ ಜೊತೆ ಬಂತು. ನುಡಿಸಿಬಿಟ್ಟ ಮೇಲೆ ಒತ್ತಿದರೂ ನುಡಿಸಿದ್ದು ಟ್ರ್ಯಾಕ್ ಮೇಲೆ ಒಂದು ತುಣುಕಾಗಿ, ಅಂದರೆ ಕ್ಲಿಪ್ ಆಗಿ ಬರುತ್ತದೆ. ಕ್ಯೂಬೇಸ್‌ನಲ್ಲಿ ಇದೇ ಕೆಲಸಕ್ಕೆ ರೆಟ್ರೋಸ್ಪೆಕ್ಟಿವ್ ರೆಕಾರ್ಡ್. ಎಫ್‌ಎಲ್ ಸ್ಟುಡಿಯೋದಲ್ಲಿ ಟೂಲ್ಸ್ ಮೆನುವಿನೊಳಗೆ ಸ್ಕೋರ್ ಲಾಗ್ ಅಂತ ಅಡಗಿ ಕೂತಿದೆ. ನನಗೆ ಯಾವ ಪ್ಲಗಿನ್‌ಗಿಂತಲೂ ಜಾಸ್ತಿ ಉಪಕಾರ ಮಾಡಿರುವುದು ಇದೊಂದೇ ಬಟನ್.

ಬಫರ್ ಬಗ್ಗೆ ಚಿಕ್ಕದಾಗಿ. ಕಂಪ್ಯೂಟರ್ ಒಂದು ಸಲಕ್ಕೆ ಎಷ್ಟು ಸದ್ದನ್ನು ಕೂಡಿಟ್ಟು ಹೊರಬಿಡುತ್ತದೆ ಅನ್ನುವ ಅಳತೆ ಅದು, ಹೆಚ್ಚಿದಷ್ಟೂ ನುಡಿಸಿದ್ದು ತಡವಾಗಿ ಕೇಳಿಸುತ್ತದೆ. 44.1 ಕಿಲೋಹರ್ಟ್ಜ್‌ನಲ್ಲಿ (ಸೆಕೆಂಡಿಗೆ ಸದ್ದಿನ 44,100 ಅಳತೆ, ಇಲ್ಲಿ ಸ್ಯಾಂಪಲ್ ಅಂದರೆ ಆ ಒಂದೊಂದು ಅಳತೆ) 128 ಸ್ಯಾಂಪಲ್ ಅಂದರೆ ಸುಮಾರು 3 ಮಿಲಿಸೆಕೆಂಡ್, 1024 ಅಂದರೆ ಸುಮಾರು 23. ನುಡಿಸುವಾಗ ಕಡಿಮೆ, ಮಿಕ್ಸ್ ಮಾಡುವಾಗ ಜಾಸ್ತಿ. ಕಡಿಮೆ ಇಟ್ಟಾಗ ಸದ್ದು ಪಟಪಟ ಒಡೆದರೆ ಭಾರದ ಸಿಂತ್‌ಗಳನ್ನು (ಸದ್ದನ್ನು ಕಂಪ್ಯೂಟರೇ ಹುಟ್ಟಿಸುವ ವಾದ್ಯಗಳು) ಫ್ರೀಜ್ ಮಾಡಿ, ಅಂದರೆ ಸದ್ಯಕ್ಕೆ ಆಡಿಯೋ ಮಾಡಿಡಿ. ನಾನಂತೂ ಪ್ರಾಜೆಕ್ಟನ್ನು ಬೇರೆ ಹೆಸರಲ್ಲಿ ಸೇವ್ ಮಾಡಿಕೊಂಡು, ಸಿಂತನ್ನು ಪೂರ್ತಿ ಆಡಿಯೋ ಮಾಡಿಬಿಡುತ್ತೇನೆ. ಕಂಪ್ಯೂಟರ್ ಹಗುರಾಗುವುದು ಒಂದು ಲಾಭ. ಫಿಲ್ಟರ್ ಗುಂಡಿ ತಿರುಗಿಸುತ್ತಾ ಕೂರುವ ಚಟ ತಪ್ಪುವುದು ಅದಕ್ಕಿಂತ ದೊಡ್ಡ ಲಾಭ.

ಶಾರ್ಟ್‌ಕಟ್ ಬೇಡ ಅಂತಲ್ಲ. ನೂರು ಕೀ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ ಅಷ್ಟೇ. ಈ ವಾರ ಯಾವ ಮೆನುಗೆ ಪದೇ ಪದೇ ಹೋಗುತ್ತಿದ್ದೀರಿ ನೋಡಿ, ಅದೊಂದನ್ನು ಕಲಿಯಿರಿ. ನನಗೆ ಅದು ಕ್ಲಿಪ್ ಕತ್ತರಿಸುವುದಾಗಿತ್ತು. ರೀಪರ್ ಸಾಫ್ಟ್‌ವೇರ್‌ನಲ್ಲಿ ಬರೀ ಎಸ್, ಲೈವ್‌ನಲ್ಲಿ ಕಂಟ್ರೋಲ್ ಇ, ಮ್ಯಾಕ್ ಆದರೆ ಕಮಾಂಡ್ ಇ. ಒಂದೇ ವಾರದಲ್ಲಿ ಎಡಗೈಗೆ ತಾನಾಗೇ ಬಂತು.

ಮೊನ್ನೆ ಮತ್ತೆ ಸ್ಕ್ರೀನ್ ರೆಕಾರ್ಡ್ ಮಾಡಿ ನೋಡಿದೆ. ಸ್ನೇರ್‌ಗೆ ನಾಲ್ಕೇ ನಿಮಿಷ. ವೋಕಲ್ ಟೇಕ್ ಕೇಳಲು ಮಾತ್ರ ಅರ್ಧ ಗಂಟೆ ಮೇಲೆ ಹೋಗಿದೆ. ನಾಲ್ಕು ನಿಮಿಷದ ಹಾಡು, ಆರು ಟೇಕ್. ಎಲ್ಲ ಒಂದೊಂದು ಸಲ ಕೇಳಲೇ 24 ನಿಮಿಷ ಬೇಕು. ಎರಡನೇ ಚರಣಕ್ಕೆ ಐದನೇ ಟೇಕೋ ಆರನೆಯದೋ ಅಂತ ಇನ್ನೂ ತೀರ್ಮಾನ ಆಗಿಲ್ಲ. ಇವತ್ತು ರಾತ್ರಿ ಇನ್ನೊಂದು ಸಲ ಕೇಳಬೇಕು.